ಸದ್ದಿಗೊಂದು ಜಾತಕ

ಅಟ್ಟದ ಮೇಲೆ ಎಷ್ಟೋ ವರ್ಷಗಳಿಂದ ಹಳೆಯ ಪತ್ರಿಕೆಗಳ ಕಟ್ಟಿಗೆ ದಿಂಬಾಗಿ ಬಿದ್ದಿದ್ದ ನನ್ನ ಕೀಬೋರ್ಡನ್ನು ಮೊನ್ನೆ ಭಾನುವಾರ ಕೆಳಗಿಳಿಸಿ, ಧೂಳು ಒರೆಸಿ, ಮಿತ್ರರೆದುರು ಅದರ ಮೇಲೆ ಬೆರಳಾಡಿಸಿದ್ದೇ ನಾನು ಮಾಡಿದ ತಪ್ಪು. ಒಂದು ಕಾಲದಲ್ಲಿ ಅದರ ಎಲೆಕ್ಟ್ರಿಕ್ ಪಿಯಾನೋ ಸದ್ದಿಗೆ ನನ್ನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಆ ದಿನವೂ ಮುಚ್ಚಿಕೊಂಡಿತು. ತೆರೆದು ನೋಡಿದರೆ ಮೂವರೂ ನಗುತ್ತಿದ್ದರು.

"1986," ಎಂದ ಶಬ್ದಬ್ರಹ್ಮ, ನಾಡಿ ಹಿಡಿದು ರೋಗ ಹೇಳುವ ವೈದ್ಯನ ಗಾಂಭೀರ್ಯದಲ್ಲಿ. "ತಪ್ಪಿದರೆ ಒಂದು ವರ್ಷ ಆಚೀಚೆ."

ಶಬ್ದಬ್ರಹ್ಮ ಎಂಬುದು ನಾವಿಟ್ಟ ಹೆಸರು. ಮೀಸೆ ಮೂಡುವ ವಯಸ್ಸಿನಲ್ಲಿ ಧ್ವನಿಮುದ್ರಣದ ಕೋಣೆ ಹೊಕ್ಕವನು ಕೂದಲು ನರೆತ ಮೇಲೂ ಹೊರಬಂದಿಲ್ಲ, ಮತ್ತು ಯಾವ ಸದ್ದನ್ನು ಕೇಳಿಸಿದರೂ ಅದರ ಜಾತಕ ಬರೆದುಕೊಡಬಲ್ಲೆನೆಂದು ಹೇಳಿಕೊಳ್ಳುತ್ತಾನೆ. ಪಿಟೀಲು ನುಡಿಸುವ ರಾಯರು ವಿದ್ಯುತ್ತಿನಿಂದ ಹೊರಡುವ ಯಾವ ನಾದವನ್ನೂ ನಾದವೆಂದು ಒಪ್ಪಿದವರಲ್ಲ. ಅಕ್ಕಾವರು ಪಿಯಾನೋ ಕಲಿಸುವವರು, ಮೇಲಾಗಿ ಇತಿಹಾಸ ಓದಿಕೊಂಡವರು, ಆದ್ದರಿಂದ ಅವರೊಡನೆ ವಾದಿಸುವುದು ಕಷ್ಟ. ನಾನಂತೂ ಯಾವ ವಾದ್ಯವನ್ನೂ ನೆಟ್ಟಗೆ ನುಡಿಸಲಾರದವನಾದ್ದರಿಂದ ಎಲ್ಲ ವಾದ್ಯಗಳ ವಿಷಯದಲ್ಲೂ ನಿಷ್ಪಕ್ಷಪಾತಿ.

ಮನೆಯ ವಾದ್ಯದ ಮಾನ ಉಳಿಸಲು ನಾನು ಅದರ ವಂಶಾವಳಿಯನ್ನೇ ತೆಗೆದೆ. ಇದು ಬಡ ಕವಲಿನದಿರಬಹುದು, ಆದರೆ ಇದರ ಮೂಲಪುರುಷ 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಎಂಬ ವಿದ್ಯುನ್ಮಾನ ಕೀಬೋರ್ಡು; ಅದರೊಳಗಿನ ವಿದ್ಯೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅವರದು. 1967ರಲ್ಲಿ ಅವರು ಕಂಪ್ಯೂಟರಿನಲ್ಲಿ ಒಂದು ಸ್ವರವನ್ನು ಅಲುಗಿಸಿ, ಆ ಅಲುಗಾಟದ ವೇಗವನ್ನು ಏರಿಸುತ್ತ ಹೋದಾಗ, ಒಂದು ಹಂತದ ನಂತರ ಅದು ಅಲುಗಾಟವಾಗಿ ಕೇಳಿಸದೆ ಬೇರೆಯದೇ ಬಣ್ಣದ ನಾದವಾಗಿ ಕೇಳಿಸಿತು. ಇಂಥ ಮನೆತನದ ಕುಡಿಯನ್ನು ನೋಡಿ ನಗುವುದು ಸಭ್ಯತೆಯೇ ಎಂದು ಕೇಳಿದೆ.

"ಮನೆತನಕ್ಕೆ ಯಾರೂ ನಗಲಿಲ್ಲ, ಸಂತಾನ ಅತಿಯಾದದ್ದಕ್ಕೆ ನಕ್ಕೆವು," ಎಂದ ಶಬ್ದಬ್ರಹ್ಮ. "ಡಿಎಕ್ಸ್7ರಲ್ಲಿ ಹೊಸ ಸದ್ದು ಕಟ್ಟಬೇಕಾದರೆ ಆಪರೇಟರುಗಳೆಂಬ ನಾದ ಹುಟ್ಟಿಸುವ ಆರು ಘಟಕಗಳನ್ನು 32 ಜೋಡಣೆಗಳಲ್ಲಿ ಯಾವುದಕ್ಕೆ ಕೂಡಿಸಬೇಕೆಂಬ ಲೆಕ್ಕ ಗೊತ್ತಿರಬೇಕಿತ್ತು, ಅದನ್ನೂ ಎರಡು ಸಾಲಿನ ಪುಟ್ಟ ಪರದೆಯಲ್ಲಿ ಇಣುಕುತ್ತ ಮಾಡಬೇಕಿತ್ತು. ಹಾಡು ನಾಳೆ ಬೆಳಿಗ್ಗೆ ಬೇಕೆನ್ನುವ ಕಡೆ ಇಷ್ಟು ವ್ಯವಧಾನ ಯಾರಿಗಿರುತ್ತದೆ? ಬಹುಪಾಲು ಜನ ಕಾರ್ಖಾನೆಯವರು ತುಂಬಿ ಕಳಿಸಿದ 32 ಸದ್ದುಗಳಲ್ಲೇ ಬದುಕಿದರು. ಒಂದೇ ಥಾನಿನ ಬಟ್ಟೆಯಲ್ಲಿ ಲಕ್ಷ ಜನ ಅಂಗಿ ಹೊಲಿಸಿಕೊಂಡರೆ, ಫೋಟೋ ನೋಡಿದವರು ಮುಖ ಗುರುತಿಸುವ ಮೊದಲೇ ಇಸವಿ ಹೇಳಿಬಿಡುತ್ತಾರೆ."

ಅಲ್ಲಿಯವರೆಗೆ ಸುಮ್ಮನಿದ್ದ ರಾಯರಿಗೆ ಇದು ಹಿಡಿದುಕೊಟ್ಟ ಕೋಲಾಯಿತು. "ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಗುಂಡಿ ಒತ್ತಿದರೆ ಬರುವ ಸದ್ದು ಪ್ರತಿ ಸಲವೂ ಅದೇ, ಯಾರು ಒತ್ತಿದರೂ ಅದೇ. ಪಿಟೀಲಿನಲ್ಲಿ ಒಂದೇ ಷಡ್ಜವನ್ನು ನೂರು ಸಲ ಎಳೆಯಿರಿ. ಕಮಾನಿನ ಭಾರ, ವೇಗ, ತಂತಿಯ ಮೇಲೆ ಅದು ಕೂರುವ ಜಾಗ, ಇವು ಎರಡು ಸಲ ಒಂದೇ ಆಗಲಾರವು. ಬದಲಾಗುತ್ತಲೇ ಇರುವುದನ್ನು ಯಾವ ಇಸವಿಯ ಗೂಟಕ್ಕೆ ಕಟ್ಟುತ್ತೀರಿ?"

ರಾಯರ ವಾದಕ್ಕೆ ಶಬ್ದಬ್ರಹ್ಮನೇ, ತನಗೆ ಅರಿವಿಲ್ಲದೆ, ಒಳ್ಳೆಯ ಸಾಕ್ಷಿಯನ್ನು ಒದಗಿಸಿದ. ಸ್ಟ್ರಾವಿನ್ಸ್ಕಿಯವರ 1910ರ ಫೈರ್‌ಬರ್ಡ್ ಬ್ಯಾಲೆಯಲ್ಲಿ ವಾದ್ಯವೃಂದವೆಲ್ಲ ಒಮ್ಮೆಲೇ ಸಿಡಿಲಿನಂತೆ ಎರಗುವ ಕ್ಷಣವೊಂದಿದೆ. 1979ರಲ್ಲಿ ಬಂದ ಫೇರ್‌ಲೈಟ್ ಎಂಬ ಸ್ಯಾಂಪ್ಲರಿನ, ಎಂದರೆ ಹೊರಗಿನ ಸದ್ದನ್ನು ಹಿಡಿದಿಟ್ಟು ಕೀಲಿಗಳಿಂದ ನುಡಿಸುವ ಯಂತ್ರದ, ಸದ್ದುಗಳ ಭಂಡಾರಕ್ಕೆ ಆ ಒಂದು ಏಟನ್ನು ಯಾರೋ ಕತ್ತರಿಸಿ ಸೇರಿಸಿದರು. ಆಮೇಲೆ ಕೇಳಬೇಕೆ? ಎಂಬತ್ತರ ದಶಕದುದ್ದಕ್ಕೂ ಹಾಡಿನ ಸಂದುಗೊಂದಿಯಲ್ಲೆಲ್ಲ ಆ ಏಟು ಬಿದ್ದೇ ಬಿದ್ದಿತು, ಈಗ ಕೇಳಿದರೆ ಎಂಥವನಿಗೂ ನಗೆ ಬರುತ್ತದೆ. ಆದರೆ ಅದೇ ಏಟನ್ನು ಇಂದು ಸಂಜೆ ಜೀವಂತ ವಾದ್ಯವೃಂದವೊಂದು ನುಡಿಸಲಿ, ಮೊದಲ ಸಾಲಿನಲ್ಲಿ ಕುಳಿತವರ ಎದೆ ನಡುಗುತ್ತದೆ. ಅದೇ ಕೃತಿ, ಅದೇ ಸ್ವರಗಳು. ಮೂಲ ಹಳತಾಗಲಿಲ್ಲ, ಅದರ ತುಣುಕು ಹಳತಾಯಿತು. ರಾಯರು ತೃಪ್ತಿಯಿಂದ ಕಾಲ ಮೇಲೆ ಕಾಲು ಹಾಕಿದರು.

"ಕಾಲು ಇಳಿಸಿ ರಾಯರೇ," ಎಂದರು ಅಕ್ಕಾವರು. "ಕೈಯಿಂದ ನುಡಿಸುವುದೆಲ್ಲ ಚಿರಂಜೀವಿಯಾಗುವುದಾದರೆ ಪಿಯಾನೋಗಿಂತ ಹಳೆಯ ಕೀಲಿವಾದ್ಯ ಹಾರ್ಪ್ಸಿಕಾರ್ಡ್ ಏಕೆ ಆಗಲಿಲ್ಲ? ಅದರ ನಾಲ್ಕು ಸ್ವರ ಕೇಳಿಸಿದರೆ ಸಾಕು, ಸಂಗೀತದ ಗಂಧವಿಲ್ಲದವನಿಗೂ ಬಿಳಿಯ ಟೋಪನ್ ಕೂದಲಿನ ದೊರೆಗಳು ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಪಿಯಾನೋ ಕೇಳಿದರೆ ಯಾವ ದೊರೆಯೂ ಬರುವುದಿಲ್ಲ. ಆದರೆ ಪಿಯಾನೋ ಮೊನ್ನೆ ಮೊನ್ನೆಯದಲ್ಲ. ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೋರಿ ಅದನ್ನು ಕಟ್ಟಿದ್ದು 1700ರ ಆಸುಪಾಸಿನಲ್ಲಿ, ಹಾರ್ಪ್ಸಿಕಾರ್ಡ್ ಇನ್ನೂ ಮೆರೆಯುತ್ತಿದ್ದಾಗಲೇ."

"ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ, ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ಸದ್ದಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅಲ್ಲಿಗೆ ಅದೂ ಗುಂಡಿಯೇ ಆಯಿತಲ್ಲ," ಎಂದು ರಾಯರು ಜಾರಿಕೊಳ್ಳಲು ನೋಡಿದರು. ಜಾಣ ಉತ್ತರವೇ. ಆದರೆ ಅವರ ಗ್ರಹಚಾರಕ್ಕೆ ಶಬ್ದಬ್ರಹ್ಮ ಅಷ್ಟರಲ್ಲಿ ಕಕ್ಷಿ ಬದಲಿಸಿದ್ದ.

"ಹಾಗಾದರೆ 808ಕ್ಕೆ ಏನು ಹೇಳುತ್ತೀರಿ?" ಎಂದ. ರೋಲ್ಯಾಂಡ್ ಕಂಪನಿಯ ಟಿಆರ್-808 ಎಂಬ ತಾಳಯಂತ್ರ ತಯಾರಾದದ್ದು 1980ರಿಂದ 1983ರವರೆಗೆ ಮಾತ್ರ, ಅದೂ ಸುಮಾರು 12,000. ಅದೇ 1980ರಲ್ಲಿ ಬಂದ ಲಿನ್ ಎಲ್ಎಂ-1 ನಿಜವಾದ ಡ್ರಮ್ಮುಗಳ ಸದ್ದನ್ನೇ ಹಿಡಿದಿಟ್ಟುಕೊಂಡಿದ್ದರೆ, 808 ತನ್ನ ಸದ್ದನ್ನೆಲ್ಲ ವಿದ್ಯುನ್ಮಂಡಲಗಳಿಂದಲೇ ಹುಟ್ಟಿಸುತ್ತಿತ್ತು. ಡ್ರಮ್ಮಿನಂತಿಲ್ಲವೆಂದು ಹಲವರು ಮೂಗು ಮುರಿದರು, ಯಂತ್ರಗಳು ಕೈಯಿಂದ ಕೈಗೆ ಅಗ್ಗಕ್ಕೆ ದಾಟಿದವು, ಕಾಸಿಲ್ಲದ ಹುಡುಗರು ಕೊಂಡು ಹಿಪ್‌ಹಾಪ್ ಕಟ್ಟಿದರು. ಅದರ ಹೊಟ್ಟೆಯೊಳಗಿನಿಂದ ಗುಮ್ಮೆಂದು ಬರುವ ಮಂದ್ರವನ್ನು ಅಂದಿನಿಂದ ಇಂದಿನವರೆಗೆ ಜನ ಬಿಟ್ಟಿಲ್ಲ. "ಗುಂಡಿಯ ಸದ್ದು, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಸದ್ದು, ಆದರೂ ಅದನ್ನು ಕೇಳಿ ಇಸವಿ ಹೇಳೆಂದರೆ, ದೇವರಾಣೆ, ನನ್ನಿಂದಲೂ ಆಗುವುದಿಲ್ಲ. ನಿಜವಾದ ಡ್ರಮ್ಮಿನಂತೆ ಇರಲು ಹೊರಟ ಲಿನ್ನಿನ ಸದ್ದನ್ನಾದರೆ ನಿದ್ದೆಗಣ್ಣಿನಲ್ಲೂ ಗುರುತಿಸುತ್ತೇನೆ."

ಕೋಣೆಯಲ್ಲಿ ಸ್ವಲ್ಪ ಹೊತ್ತು ಮೌನ ನೆಲೆಸಿತು. ಪಂಡಿತರು ಎಡವಿದ ಜಾಗದಲ್ಲಿ ಪಾಮರನಿಗೆ ನಾಣ್ಯ ಸಿಗುವುದುಂಟು. ನನಗೊಂದು ಸಿಕ್ಕಂತಾಯಿತು, ಎತ್ತಿ ತೋರಿಸಿದೆ. ಪಿಯಾನೋವನ್ನು ಮುನ್ನೂರು ವರ್ಷಗಳಲ್ಲಿ ಯಾವ ತಲೆಮಾರೂ ಕೈಬಿಡಲಿಲ್ಲ, ಆದ್ದರಿಂದ ಯಾವ ತಲೆಮಾರೂ ಅದನ್ನು ತನ್ನದೆಂದು ಮುದ್ರೆ ಒತ್ತಲು ಆಗಲಿಲ್ಲ. ಹಾರ್ಪ್ಸಿಕಾರ್ಡನ್ನು ಹತ್ತೊಂಬತ್ತನೆಯ ಶತಮಾನ ಬಹುಮಟ್ಟಿಗೆ ಮೂಲೆಗೆ ತಳ್ಳಿತು. 1912ರಲ್ಲಿ ಪ್ಲೆಯೆಲ್ ಕಂಪನಿ ಹಾರ್ಪ್ಸಿಕಾರ್ಡ್ ವಾದಕಿ ವಾಂಡಾ ಲಾಂಡೋವ್‌ಸ್ಕಾ ಅವರಿಗಾಗಿ ಹೊಸದೊಂದನ್ನು ಕಟ್ಟಿಕೊಟ್ಟು ಅದು ಮತ್ತೆ ಸಭೆಗೆ ಬಂದಾಗ, ನಡುವಿನ ನೂರು ವರ್ಷದ ರೂಢಿ ಯಾವುದೂ ಅದಕ್ಕೆ ಅಂಟಿರಲಿಲ್ಲ, ಮಲಗುವಾಗ ತೊಟ್ಟಿದ್ದ ಬಟ್ಟೆಯಲ್ಲೇ ಎದ್ದು ಬಂದಿತ್ತು. 808 ಮಲಗಲೇ ಇಲ್ಲ. ನನ್ನ ಕೀಬೋರ್ಡಿನ ಬಳಗ ತೊಂಬತ್ತರ ದಶಕದಲ್ಲಿ ಅಟ್ಟ ಹತ್ತಿ ಚೆನ್ನಾಗಿ ನಿದ್ದೆ ಹೊಡೆಯಿತು. ಸದ್ದಿಗೆ ಇಸವಿ ಅಂಟುವುದು ಅದು ಹುಟ್ಟಿದಾಗಲ್ಲ, ಜನ ಅದನ್ನು ಬಿಟ್ಟಾಗ.

"ನಿನ್ನ ಬಾಯಲ್ಲಿ ಇಂಥ ಮಾತೇ?" ಎಂದು ರಾಯರು ಆಶ್ಚರ್ಯಪಟ್ಟದ್ದನ್ನು ನಾನು ಮೆಚ್ಚುಗೆಯೆಂದೇ ಸ್ವೀಕರಿಸಿದೆ.

ಅಕ್ಕಾವರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಸ್ಯಾಕ್ಸೋಫೋನನ್ನು ಮುಂದಿಟ್ಟರು. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ ಮೇಲೆ ಅದು ಎಂದಾದರೂ ಮಲಗಿತ್ತೇ? ಆದರೂ ಪಾಪ್ ಹಾಡಿನ ನಡುವೆ ಅದು ಬಾಯಿ ತೆರೆದರೆ ಸಾಕು, ಭುಜಕ್ಕೆ ಹತ್ತಿ ತುರುಕಿದ ಎಂಬತ್ತರ ದಶಕದ ಕೋಟುಗಳು ಸಾಲಾಗಿ ಬರುತ್ತವಲ್ಲ? ನಾನು ತಡವರಿಸಿದೆ. ನನ್ನ ರಕ್ಷಣೆಗೆ ಬಂದದ್ದು ಶಬ್ದಬ್ರಹ್ಮ: ಜಾಝ್ ಸಂಗೀತದವರು ಅದನ್ನು ಎಂದೂ ಬಿಡಲಿಲ್ಲವಾದ್ದರಿಂದ ಆ ಮನೆಯಲ್ಲಿ ಅದು ಸದಾ ಹದಿಹರೆಯದ್ದು, ಪಾಪ್‌ನವರು ಒಂದು ದಶಕ ತಲೆಯ ಮೇಲೆ ಹೊತ್ತು ಆಮೇಲೆ ದೊಪ್ಪೆಂದು ಕೆಳಗೆ ಹಾಕಿದ್ದರಿಂದ ಆ ಮನೆಯಲ್ಲಿ ಹಳೆಯ ನೆಂಟ. ವಾದ್ಯ ಒಂದೇ, ಜಾತಕ ಎರಡು. ಥೆರೆಮಿನ್ನಿನ ಪಾಡು ಇನ್ನೂ ಕಷ್ಟದ್ದು. 1920ರ ಸುಮಾರಿಗೆ ರಷ್ಯಾದಲ್ಲಿ ಹುಟ್ಟಿದ, ಮುಟ್ಟದೆಯೇ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಆ ಅದ್ಭುತವನ್ನು ಸಿನಿಮಾದವರು ಹಾರುವ ತಟ್ಟೆಗಳಿಗೂ ಕೆಟ್ಟ ತಲೆಗಳಿಗೂ ಕಟ್ಟಿಹಾಕಿದರು. ಒಮ್ಮೆ ಖಳನಾಯಕನ ವೇಷ ಹಾಕಿದ ಪಾಪಕ್ಕೆ ಆಮೇಲೆ ರಾಮನ ಪಾತ್ರವನ್ನು ಯಾರೂ ಕೊಡದ ನಟನ ಸ್ಥಿತಿ ಅದರದು.

"ಇನ್ನೊಂದು ಮಾತು," ಎಂದರು ಅಕ್ಕಾವರು, ನನ್ನ ಕೀಬೋರ್ಡಿನ ಕಡೆ ನೋಡಿ. "ನನ್ನ ಶಿಷ್ಯೆಯೊಬ್ಬಳಿಗೆ ಹದಿನೇಳು ವರ್ಷ. ನೀವು ನಕ್ಕ ಇದೇ ಎಲೆಕ್ಟ್ರಿಕ್ ಪಿಯಾನೋ ಸದ್ದನ್ನು ಕಂಪ್ಯೂಟರಿನಲ್ಲಿ ಹುಡುಕಿ ತಂದು, ಎಷ್ಟು ಹೊಸದಾಗಿದೆ ನೋಡಿ ಮೇಡಂ, ಎಂದು ನನಗೇ ಕೇಳಿಸಿದಳು."

ಇದನ್ನು ಕೇಳಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಪ್ಪನ ಅಂಗಿ ತೊಡಲು ನಾಚುವ ಹುಡುಗ ಅಜ್ಜನ ಕೋಟನ್ನು ಹೆಮ್ಮೆಯಿಂದ ತೊಡುತ್ತಾನಲ್ಲವೇ? ಹಳತೆನ್ನಿಸುವುದು ತೊಟ್ಟು ಬಿಟ್ಟವರಿಗೆ. ಆ ಹುಡುಗಿ ಬಿಟ್ಟವಳಲ್ಲ. ಅಂದರೆ ಆ ದಿನ ನಕ್ಕ ಮೂವರೂ ನಕ್ಕದ್ದು ನನ್ನ ಕೀಬೋರ್ಡಿಗಲ್ಲ, ತಮ್ಮ ತಮ್ಮ ಹಳೆಯ ಫೋಟೋಗಳಿಗೆ.

ರಾಯರು ಈ ಯಾವುದಕ್ಕೂ ಸೇರದವರಂತೆ ಪಿಟೀಲಿನ ಪೆಟ್ಟಿಗೆಯನ್ನು ಸವರುತ್ತ, "ನೀವು ಏನೇ ಹೇಳಿ, ಇದು ಸ್ಟ್ರಾಡಿವಾರಿಯ ಕಾಲದಲ್ಲಿ ಹೇಗಿತ್ತೋ ಇಂದೂ ಹಾಗೇ ಇದೆ," ಎಂದರು. ಅಕ್ಕಾವರು ಅದನ್ನೂ ಉಳಿಸಲಿಲ್ಲ. 1737ರಲ್ಲಿ ತೀರಿಕೊಂಡ ಸ್ಟ್ರಾಡಿವಾರಿ ಈಗ ಎದ್ದು ಬಂದರೆ ತಾನೇ ಮಾಡಿದ ಪಿಟೀಲುಗಳ ಮುಂದೆ ಗಲಿಬಿಲಿಗೊಳ್ಳುತ್ತಾನಂತೆ: ದೊಡ್ಡ ಸಭಾಂಗಣಗಳಿಗೆ ಸದ್ದು ಸಾಲದೆಂದು ನಂತರದವರು ಬಹುತೇಕ ಎಲ್ಲದರ ಕತ್ತನ್ನು ಬದಲಿಸಿ ಓರೆಯಾಗಿ ಕೂರಿಸಿದರು, ಒಳಗಿನ ಪಟ್ಟಿಯನ್ನು ತೆಗೆದು ಗಟ್ಟಿಯಾದುದನ್ನು ಹಾಕಿದರು, ಕರುಳಿನ ತಂತಿಗಳ ಜಾಗಕ್ಕೆ ಲೋಹ ಬಂತು. ಪಿಯಾನೋ ಹೊಟ್ಟೆಯೊಳಗೂ ಕ್ರಿಸ್ಟೊಫೋರಿ ಕಾಣದ ಕಬ್ಬಿಣದ ಚೌಕಟ್ಟು ಸೇರಿಕೊಂಡಿದೆ. ಬಳಕೆಯಲ್ಲಿದ್ದುದಕ್ಕೆ ಪ್ರತಿ ತಲೆಮಾರೂ ಕದ್ದು ಮುಚ್ಚಿ ರಿಪೇರಿ ಮಾಡುತ್ತಲೇ ಬಂದಿದೆ, ಆಮೇಲೆ ಅದು ಬದಲಾಗಲೇ ಇಲ್ಲವೆಂದು ಆಣೆ ಇಟ್ಟಿದೆ.

"ಮೈ ಬದಲಾಗಿರಬಹುದು, ಆತ್ಮ ಬದಲಾಗಿಲ್ಲ," ಎಂದು ರಾಯರು ವೇದಾಂತಕ್ಕೆ ಇಳಿದರು. "ಪಿಟೀಲಿನ ಸದ್ದು ಕೇಳಿ ಇಸವಿ ಹೇಳುವವನು ಇನ್ನೂ ಹುಟ್ಟಿಲ್ಲ."

ಶಬ್ದಬ್ರಹ್ಮ ಮಾತಾಡದೆ ಮೊಬೈಲು ತೆಗೆದು ಏನನ್ನೋ ಹುಡುಕಿ ನುಡಿಸಿದ. ಪಿಟೀಲು. ಗವಿಯ ಆಳದಿಂದ ಬಂದಂತೆ ಹೊಳೆಹೊಳೆಯುವ, ಒದ್ದೆ ಒದ್ದೆಯಾದ ಪಿಟೀಲು. ರಾಯರು ಮೂರನೆಯ ಸ್ವರಕ್ಕೇ ಮುಖ ಕಿವುಚಿ, "ಯಂತ್ರದ ಪಿಟೀಲು! ಜೀವವೇ ಇಲ್ಲ. ಇದು 1987ರದ್ದೇ," ಎಂದರು.

"ಇಸವಿ ಸರಿಯಾಗಿ ಹೇಳಿದಿರಿ," ಎಂದ ಶಬ್ದಬ್ರಹ್ಮ. "ನುಡಿಸಿದವರು ನೀವು."

ಮುಂದಿನ ವಿವರಣೆಯನ್ನು ಅವನು ಆದಷ್ಟು ಮೃದುವಾಗಿಯೇ ಕೊಟ್ಟ. ವಾದ್ಯಕ್ಕೆ ಇಸವಿ ಅಂಟದಿರಬಹುದು, ಅದನ್ನು ಹಿಡಿದಿಡುವ ರೀತಿಗೆ ಖಂಡಿತ ಅಂಟುತ್ತದೆ. 1979ರಲ್ಲಿ ಲಂಡನ್ನಿನಲ್ಲಿ ಪೀಟರ್ ಗೇಬ್ರಿಯಲ್ ಅವರ ಧ್ವನಿಮುದ್ರಣಕ್ಕೆ ಫಿಲ್ ಕಾಲಿನ್ಸ್ ಡ್ರಮ್ ಬಾರಿಸುತ್ತಿದ್ದಾಗ, ಕಲಾವಿದರ ಮಾತು ಕೇಳಿಸಿಕೊಳ್ಳಲೆಂದು ಮಾತ್ರ ಇಟ್ಟಿದ್ದ ಮೈಕಿನಲ್ಲಿ ಆ ಸದ್ದು ಉಬ್ಬಿ ದೈತ್ಯನಂತೆ ಕೇಳಿಸಿತು; ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಅದರ ಮೊಳಗನ್ನು ಬಾಗಿಲು ದಢಾರನೆ ಮುಚ್ಚಿದಂತೆ ನಡುವಿನಲ್ಲೇ ಕತ್ತರಿಸುವ ಏರ್ಪಾಡು ಮಾಡಿದರು, ಮುಂದಿನ ಹತ್ತು ವರ್ಷ ಲೋಕದ ಡ್ರಮ್ಮುಗಳೆಲ್ಲ ಬಾಗಿಲು ಬಡಿದುಕೊಂಡವು. ಸದ್ದಿಗೆ ಮೊಳಗು ಕೂಡಿಸುವ ಡಿಜಿಟಲ್ ರಿವರ್ಬ್ ಪೆಟ್ಟಿಗೆಗಳೂ ಆಗಲೇ ಕೈಗೆ ಬಂದಿದ್ದವು, ಕೊಟ್ಟ ಸದ್ದನ್ನೆಲ್ಲ ಗವಿಯಲ್ಲಿ ಮುಳುಗಿಸಿ ತೆಗೆಯುವುದು ಆ ಕಾಲದ ಚಪಲವಾಗಿತ್ತು. "ಕೈ ನಿಮ್ಮದೇ ರಾಯರೇ, ಗವಿ ಮಾತ್ರ 1987ರದ್ದು."

ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೊಮ್ಮೆ ಹಾಕು," ಎಂದರು. ಕಣ್ಣು ಮುಚ್ಚಿ ಕೇಳಿ, "ಗವಿಯನ್ನು ಪಕ್ಕಕ್ಕಿಟ್ಟರೆ ಆ ಎರಡನೆಯ ಜಾರು ಚೆನ್ನಾಗಿಯೇ ಬಿದ್ದಿದೆ," ಎಂದು ತೀರ್ಪು ಕೊಟ್ಟರು. ಮತ್ತೆ ಏನೋ ನೆನಪಾದವರಂತೆ ತಟ್ಟನೆ ಕಣ್ಣು ತೆರೆದು ಕೇಳಿದರು: "ಅದಿರಲಿ, ಆ ದಿನ ಗುಂಡಿಗಳ ಮುಂದೆ ಕುಳಿತಿದ್ದ ಆ ಮೀಸೆ ಮೂಡದ ಹುಡುಗ ಯಾರು?"

ಶಬ್ದಬ್ರಹ್ಮ ಅಷ್ಟರಲ್ಲಿ ನನ್ನ ಕೀಬೋರ್ಡಿನ ಸಂದುಗಳಲ್ಲಿ ಉಳಿದಿದ್ದ ಧೂಳನ್ನು ಬಲು ಶ್ರದ್ಧೆಯಿಂದ ಒರೆಸತೊಡಗಿದ್ದ.