ಅಪ್‌ಡೇಟ್: ಮ್ಯಾಕ್ರೋ ಫೋಟೋದ ಚುಕ್ಕೆ ಸೆನ್ಸರ್ ಧೂಳಿನದೇ

ಕಾಫಿ ಹೂವಿನ ಕ್ಲೋಸಪ್‌ಗಳಲ್ಲೆಲ್ಲ ಒಂದೇ ಜಾಗದಲ್ಲಿ ಬೂದು ಚುಕ್ಕೆ ಬರುತ್ತಿದೆ, ಲೆನ್ಸಿನದೋ ಸೆನ್ಸರಿನದೋ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಎಂದು ಕೇಳಿದ್ದೆ. ಸೆನ್ಸರಿನದೇ. ಲೆನ್ಸ್ ಬದಲಿಸಿದರೂ ಚುಕ್ಕೆ ಕದಲಲಿಲ್ಲ.

ಮ್ಯಾಕ್ರೋದಲ್ಲೇ ಏಕೆ ಎದ್ದು ಕಾಣುತ್ತದೆ ಅಂದರೆ, 1:1ರಲ್ಲಿ (ವಸ್ತು ಸೆನ್ಸರಿನ ಮೇಲೆ ಅದರ ನಿಜ ಗಾತ್ರದಲ್ಲೇ ಮೂಡುವಾಗ) ಲೆನ್ಸಿನ ಎಫ್/16 ನಿಜಕ್ಕೂ ಎಫ್/32ರಂತೆ ಕೆಲಸ ಮಾಡುತ್ತದೆ. ಎಫ್ ಅಂದರೆ ಲೆನ್ಸಿನ ಬೆಳಕಿನ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. ಕಿಂಡಿ ಕಿರಿದಾದಷ್ಟೂ ಧೂಳಿನ ನೆರಳು ಚೂಪು.

ಪರೀಕ್ಷೆಗೆ ಐಎಸ್‌ಒ 100, ಎಫ್/22, ಮ್ಯಾನುಯಲ್ ಫೋಕಸ್‌ನಲ್ಲಿಟ್ಟು ಗೋಡೆ ಪೂರ್ತಿ ಮಸುಕಾಗುವಂತೆ ಮಾಡಿ, ಬಿಳಿ ಗೋಡೆಯತ್ತ ಒಂದೆರಡು ಸೆಕೆಂಡ್ ಕ್ಯಾಮೆರಾ ಆಡಿಸುತ್ತ ಕ್ಲಿಕ್ ಮಾಡಿ. ಗೋಡೆಯ ಕಲೆ ಅಳಿಸಿಹೋಗಿ ಧೂಳು ಮಾತ್ರ ಉಳಿಯುತ್ತದೆ. ಫೋಟೋದ ಮೇಲ್ತುದಿಯ ಚುಕ್ಕೆ ಸೆನ್ಸರಿನ ಕೆಳತುದಿಯಲ್ಲಿರುತ್ತದೆ. ಎದುರಿನಿಂದ ನೋಡಿದಾಗ ಎಡಬಲ ಅದಲುಬದಲಾಗದು. ಇದು ಗೊತ್ತಿಲ್ಲದೆ ತಪ್ಪು ಮೂಲೆ ಉಜ್ಜುವವರೇ ಹೆಚ್ಚು!

ಧೂಳು ತೆಗೆಯುವಾಗ ಬ್ಯಾಟರಿ ಫುಲ್ ಇರಲಿ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್ ಒತ್ತಿ. ಡಬ್ಬಿ ಗಾಳಿ ಬೇಡ, ದ್ರವ ಚಿಮ್ಮಿ ಕಲೆ ಕೂರುತ್ತದೆ. ಬಾಯಿಂದ ಊದುವುದಂತೂ ಬೇಡವೇ ಬೇಡ.

ಮಡಿಕೇರಿ ಮಳೆಗಾಲದ ತೇವಕ್ಕೆ ಅಂಟಿದ ಧೂಳು ಬ್ಲೋವರಿಗೆ ಜಗ್ಗಲಿಲ್ಲ. ಸೆನ್ಸರ್ ಸ್ವಾಬೇ (ಸೆನ್ಸರ್ ಒರೆಸುವ ಚಪ್ಪಟೆ ಕಡ್ಡಿ) ಬೇಕಾಯಿತು: ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಗೆ 16 ಮಿ.ಮೀ. ಅಗಲದ್ದು, ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ 24. ಸ್ವಾಬಿಗೆ ಕ್ಲೀನಿಂಗ್ ದ್ರವ ಎರಡೇ ಹನಿ. ಹೆಚ್ಚಾದರೆ ಅಂಚಿನಲ್ಲಿ ಗೆರೆ. ಒಂದು ಎಳೆತ, ಮಗುಚಿ ವಾಪಸ್ ಇನ್ನೊಂದು, ಬಿಸಾಡಿ.