ಹೃದಯ ಕಸಿಯಾದ ಹುಡುಗನಿಗೆ ಆಟದ ಪಿರಿಯಡ್: ನಾಡಿ ತಡವಾಗಿ ಏರುವುದೇಕೆ?

ಪ್ರಶ್ನೆ (ಪ್ರೌಢಶಾಲೆಯ ದೈಹಿಕ ಶಿಕ್ಷಕರು): ಒಂಬತ್ತನೇ ತರಗತಿಯ ಹುಡುಗ, ಹೃದಯ ಕಸಿಯಾಗಿ 14 ತಿಂಗಳು. ವ್ಯಾಯಾಮಕ್ಕೆ ವೈದ್ಯರ ಒಪ್ಪಿಗೆ ಸಿಕ್ಕಿದೆ. ಸುಮ್ಮನೆ ಕೂತಾಗಲೇ ನಾಡಿ 102. ಓಡಲು ಶುರುಮಾಡಿದರೆ ಎರಡು ನಿಮಿಷ ಏರುವುದೇ ಇಲ್ಲ, ನಿಂತ ಮೇಲೆ ಏರುತ್ತದೆ. ಏನಾದರೂ ತೊಂದರೆಯೇ? ಖೋ-ಖೋ ಆಡಿಸಬಹುದೇ?

ಉತ್ತರ (ಫಿಸಿಯೋಥೆರಪಿಸ್ಟ್, ಹೃದ್ರೋಗ ವಿಭಾಗ): ಸರ್, ನೀವು ಕಂಡಿದ್ದು ಕಸಿ ಹೃದಯದ ಸಹಜ ನಡವಳಿಕೆ. ಶಸ್ತ್ರಚಿಕಿತ್ಸೆಯಲ್ಲಿ ಹೃದಯಕ್ಕೆ ಬರುವ ನರಗಳು ಕತ್ತರಿಸಿಹೋಗುತ್ತವೆ. ಬಡಿತವನ್ನು ಹಿಡಿದಿಡುವ ವೇಗಸ್ ನರ ಇಲ್ಲದ್ದರಿಂದ ಕೂತಲ್ಲೇ 90ರಿಂದ 110. ಓಡು ಎಂದು ಮಿದುಳು ಹೇಳಿದ್ದೂ ನೇರವಾಗಿ ಮುಟ್ಟುವುದಿಲ್ಲ. ಮೊದಲ ನಿಮಿಷಗಳಲ್ಲಿ ಕಾಲಿನ ಸ್ನಾಯುಗಳು ಹಿಂದಕ್ಕೆ ತಳ್ಳಿದ ರಕ್ತದಿಂದ ಹೃದಯ ಹೆಚ್ಚು ತುಂಬಿಕೊಂಡು, ಒಂದೊಂದು ಬಡಿತಕ್ಕೂ ಹೆಚ್ಚು ಹೊರಹಾಕುತ್ತದೆ. ಬಡಿತ ಏರಬೇಕಾದರೆ ಅಡ್ರಿನಲಿನ್ ರಕ್ತದಲ್ಲೇ ಹರಿದು ಬರಬೇಕು. ಓಟ ನಿಂತರೂ ಅದು ರಕ್ತದಲ್ಲಿ ಉಳಿದಿರುತ್ತದೆ, ಆದ್ದರಿಂದಲೇ ನಿಂತ ಮೇಲೆ ಏರಿಕೆ, ನಿಧಾನ ಇಳಿಕೆ. ಮಕ್ಕಳಲ್ಲಿ ವರ್ಷಗಳು ಕಳೆದಂತೆ ನರಗಳು ಸ್ವಲ್ಪ ಮರಳಿ ಬೆಳೆಯುವುದುಂಟು, ಎಲ್ಲರಲ್ಲೂ ಒಂದೇ ಸಮ ಅಲ್ಲ.

ಹಾಗಾಗಿ ಗರಿಷ್ಠ ನಾಡಿ ಅಂದಾಜಿಸಲು 220ರಿಂದ ವಯಸ್ಸು ಕಳೆಯುವ ಲೆಕ್ಕ ಇಲ್ಲಿ ಬೇಡ. ಉಸಿರನ್ನು ನೋಡಿ: ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಹಾಡಲು ಕಷ್ಟವಾಗಬೇಕು. ಎಷ್ಟು ಶ್ರಮ ಅನಿಸುತ್ತಿದೆ ಎಂದು ಅವನೇ 6ರಿಂದ 20ರೊಳಗೆ ಹೇಳುವ ಬೋರ್ಗ್ ಅಳತೆಯಲ್ಲಿ 11ರಿಂದ 13. ಮೊದಲು 10 ನಿಮಿಷ ನಡಿಗೆ, ನಿಧಾನ ಜಾಗಿಂಗ್. ಇದನ್ನು ಯಾವತ್ತೂ ಬಿಡಬೇಡಿ. ಆಮೇಲೆ 20 ನಿಮಿಷ ಮುಖ್ಯ ವ್ಯಾಯಾಮ, ಕೊನೆಗೆ ಮತ್ತೆ 10 ನಿಮಿಷ ನಿಧಾನ ನಡಿಗೆ. ಓಡುತ್ತಿದ್ದವನನ್ನು ತಟ್ಟನೆ ನಿಲ್ಲಿಸಿದರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಬಹುದು.

ಕಸಿಯ ನಂತರ ಕೊಡುವ ಸ್ಟೀರಾಯ್ಡ್‌ನಿಂದ ತೊಡೆಯ ಸ್ನಾಯು ಸೊರಗಿರಬಹುದು. ಬೇಗ ಸುಸ್ತಾಗುವುದಕ್ಕೆ ಹೃದಯವೊಂದೇ ಕಾರಣವಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು, 10 ಸಲದಂತೆ ಎರಡು ಸುತ್ತು, ವಾರಕ್ಕೆ ಎರಡು ದಿನ. ಉಸಿರು ಬಿಗಿಹಿಡಿಯಬಾರದು.

ಖೋ-ಖೋದಲ್ಲಿ ಕುಕ್ಕರಗಾಲಿನಿಂದ ದಿಢೀರ್ ಜಿಗಿದು ಓಡಬೇಕು. ಈ ಹೃದಯಕ್ಕೆ ಅತ್ಯಂತ ಕಷ್ಟದ ಕೆಲಸ ಅದೇ. ಟ್ರೆಡ್‌ಮಿಲ್ ಪರೀಕ್ಷೆ ನೋಡಿ ಕಸಿ ತಂಡ ಒಪ್ಪಿದ ಮೇಲೆ, ಮೈ ಬೆಚ್ಚಗಾದ ಮೇಲಷ್ಟೇ ಆಡಲಿ. ಅಲ್ಲಿಯವರೆಗೆ ಶಟಲ್ ಬ್ಯಾಡ್ಮಿಂಟನ್, ಸೈಕಲ್ ಚೆನ್ನ. ದಯವಿಟ್ಟು ಅವನನ್ನು ಅಂಕ ಬರೆಯಲು ಮೂಲೆಯಲ್ಲಿ ಕೂರಿಸಬೇಡಿ. ಕೂತೇ ಇದ್ದರೆ ಸ್ನಾಯು, ಮೂಳೆ ಇನ್ನೂ ಕರಗುತ್ತವೆ.

ಮತ್ತೊಂದು ಪ್ರಶ್ನೆ (ತಾಯಿಯೊಬ್ಬರು): ಮೇಡಂ, ಎದೆನೋವು ಬಂದರೆ ನಿಲ್ಲಿಸಿದರೆ ಸಾಕಲ್ಲವೇ?

ಉತ್ತರ: ಎದೆನೋವಿಗೆ ಕಾಯಬೇಡಿ ಅಮ್ಮ. ನರಗಳಿಲ್ಲದ್ದರಿಂದ ರಕ್ತನಾಳ ಕಿರಿದಾದರೂ ನೋವು ಗೊತ್ತಾಗದೇ ಹೋಗಬಹುದು. ಹೋದ ವಾರ ಸಲೀಸಾಗಿ ಹತ್ತಿದ ಮೆಟ್ಟಿಲಿಗೆ ಈ ವಾರ ಏದುಸಿರು, ಪಾದದ ಊತ, ಒಂದೆರಡು ದಿನದಲ್ಲಿ ತೂಕ ಏರಿಕೆ, ಜ್ವರ, ವಾಂತಿ, ತಲೆಸುತ್ತು, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ನಿಲ್ಲಿಸಿ ಅದೇ ದಿನ ಕಸಿ ತಂಡಕ್ಕೆ ಫೋನ್ ಮಾಡಿ. ದೇಹ ಹೃದಯವನ್ನು ತಿರಸ್ಕರಿಸುವ ಲಕ್ಷಣವೂ ಹೀಗೇ ಶುರುವಾಗಬಹುದು.

ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ದೇಹ ಹೃದಯವನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟು. ಆಟವಾದ ಮೇಲೆ ನೀರು ಕುಡಿಸಿ, ಚಕ್ಕೋತ ಮಾತ್ರ ಬೇಡ. ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿಸಬಹುದು.