ಸಹಾಯ ಬೇಕು: ತಿರುವಿನಲ್ಲಿ ರೈಲು ಹಳಿಯ ಕ್ಯಾಂಟ್ ಲೆಕ್ಕ

ಎಲ್ಲರಿಗೂ ನಮಸ್ಕಾರ, ಮಡಿಕೇರಿಯಿಂದ ಬರೆಯುತ್ತಿದ್ದೇನೆ. ನಮ್ಮ ಕೊಡಗಿನಲ್ಲಿ ರೈಲೇ ಇಲ್ಲ. ಆದರೂ ಸಿವಿಲ್ ಡಿಪ್ಲೊಮಾ ಓದುವ ಅಕ್ಕನ ಮಗನಿಗೆ ಹಳಿಯ ಲೆಕ್ಕ ಮಾತ್ರ ತಪ್ಪಿದ್ದಲ್ಲ ನೋಡಿ!

ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎಷ್ಟು ಎತ್ತರಿಸಬೇಕು, ಅಂದರೆ ಕ್ಯಾಂಟ್ ಎಷ್ಟು ಎನ್ನುವುದು ಪ್ರಶ್ನೆ. ಸೂತ್ರ ಗೊತ್ತು. 1750 ಗುಣಿಸು ವೇಗದ ವರ್ಗ, ಅದನ್ನು 127 ಗುಣಿಸು ತ್ರಿಜ್ಯದಿಂದ ಭಾಗಿಸಬೇಕು. ವೇಗ ಗಂಟೆಗೆ ಕಿ.ಮೀ.ನಲ್ಲಿ, ತ್ರಿಜ್ಯ ಮೀಟರ್‌ನಲ್ಲಿ, ಉತ್ತರ ಮಿ.ಮೀ.ನಲ್ಲಿ. ಬ್ರಾಡ್‌ಗೇಜ್ (ಎರಡು ಹಳಿಗಳ ಒಳಅಂಚುಗಳ ನಡುವಿನ ಅಂತರ) 1676 ಮಿ.ಮೀ. ಅಲ್ವಾ, ಇಲ್ಲಿ 1750 ಯಾಕೆ ಅಂತ ಹುಡುಗ ಕೇಳಿದ. ಅದು ಒಂದು ಹಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ಅಂತರ, ಅಷ್ಟು ಸರಿಹೋಯಿತು.

ಈಗ ಲೆಕ್ಕ. ತ್ರಿಜ್ಯ 875 ಮೀಟರ್. ಎಕ್ಸ್‌ಪ್ರೆಸ್ 100ರಲ್ಲಿ ಹೋದರೆ ಸುಮಾರು 157 ಮಿ.ಮೀ. ಬೇಕು. ಅದೇ ತಿರುವಿನಲ್ಲಿ ಗೂಡ್ಸ್ 50ರಲ್ಲಿ ಬಂದರೆ ಬರೀ 39 ಸಾಕು. ಕೊರತೆ, ಅಂದರೆ ಎಕ್ಸ್‌ಪ್ರೆಸ್‌ಗೆ ಬೇಕಾದದ್ದಕ್ಕಿಂತ ಕಡಿಮೆ ಕೊಟ್ಟ ಕ್ಯಾಂಟ್, 75 ಮಿ.ಮೀ.ವರೆಗೆ ಇರಬಹುದು ಅಂತ ಹಿಡಿದರೆ ಕನಿಷ್ಠ 82 ಕೊಡಬೇಕು. ಹೆಚ್ಚುವರಿಗೂ, ಅಂದರೆ ಗೂಡ್ಸ್‌ಗೆ ಸಾಕಾಗುವುದಕ್ಕಿಂತ ಜಾಸ್ತಿ ಕೊಟ್ಟ ಕ್ಯಾಂಟ್‌ಗೂ, 75ರ ಮಿತಿ ಇಟ್ಟರೆ 114 ದಾಟುವಂತಿಲ್ಲ.

ಸಿಕ್ಕಿಕೊಂಡಿರುವುದು ಇಲ್ಲೇ. 82ರಿಂದ 114ರೊಳಗೆ ಯಾವುದನ್ನು ಆರಿಸಬೇಕು? ಗೂಡ್ಸ್ ಜಾಸ್ತಿ ಓಡುವ ಮಾರ್ಗವಾದರೆ ಒಳಗಿನ ಹಳಿಯ ಮೇಲೆ ಭಾರ ಬೀಳುತ್ತದೆ, ಹಾಗಾಗಿ ಕಡಿಮೆ ಕಡೆಗೇ ಹೋಗಬೇಕು ಅನ್ನಿಸುತ್ತದೆ. ಸುಮ್ನೆ ಸರಾಸರಿ ವೇಗ ಹಾಕಿದರೆ ನಡೆಯುತ್ತದಾ? ನಮ್ಮ ಘಾಟಿ ರಸ್ತೆಯಲ್ಲಾದರೆ ಟೈರಿನ ಹಿಡಿತವೂ ಲೆಕ್ಕಕ್ಕೆ ಬರುತ್ತದೆ. ಈ ಸೂತ್ರದಲ್ಲಿ ಅದಿಲ್ಲ.

ಹಳಿ ಕೆಲಸದಲ್ಲಿ ಇರುವವರು, ಇದ್ದವರು ಯಾರಾದರೂ ದಯವಿಟ್ಟು ಹೇಳಿ. ಕೈಬರಹದ ಲೆಕ್ಕದ ಫೋಟೋ ಹಾಕಿದರೂ ಸಾಕು.